ಜೇನುಮಲೆಗೆ ಹೋದ ನೀಲೇಗೌಡ ಮತ್ತು ನಮ್ಮ ಕತೆಗಳ ಕಾಡು

ಶಿವರಾತ್ರಿ ಹತ್ತಿರವಾದರೆ ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ ಕಡೆಯ ಜನ ಗುಂಪು ಕಟ್ಟಿಕೊಂಡು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡುತ್ತಾರೆ. ಸಂಗಮದಲ್ಲಿ ಕಾವೇರಿ ದಾಟಿ ಕಾಡಿನ ದಾರಿ ಹಿಡಿಯುತ್ತಾರೆ. ನಾನು ಹುಡುಗನಾಗಿದ್ದಾಗ ಅಮ್ಮಿ ಅವರಿಗಾಗಿ ಬಾಗಿಲಲ್ಲಿ ನೀರಿನ ಕೊಡ ಇಡುತ್ತಿದ್ದಳು. ಜಗುಲಿಯಲ್ಲಿ ಕೂತ ಕಂಸಾಳೆಯವರಿಂದಲೇ ಸಂಕಮ್ಮನ ಕತೆ ಮೊದಲು ಕೇಳಿದ್ದು. ರಾತ್ರಿ ಅಬ್ಬಾ ಉರ್ದುವಿನಲ್ಲಿ 'ತಿಲಿಸ್ಮೆ ಹೋಶ್‌ರುಬಾ' ಓದಿ ಹೇಳುತ್ತಿದ್ದರು. ಹೀಗೆ ಒಂದೇ ತಲೆಯೊಳಗೆ ಎರಡು ಮಾಯಾವಿ ಕಾಡುಗಳು ಬೆಳೆದವು.

ಎರಡರ ನಡುವಿನ ವ್ಯತ್ಯಾಸ ನನಗೆ ತಿಳಿದದ್ದು ತಡವಾಗಿ. 1883ರಿಂದ ಲಖನೌದ ನವಲ್ ಕಿಶೋರ್ ಮುದ್ರಣಾಲಯ ಸಂಪುಟ ಸಂಪುಟವಾಗಿ ಹೊರತಂದ ಹೋಶ್‌ರುಬಾದಲ್ಲಿ ಅಮ್ರ್ ಅಯ್ಯಾರನ ಹೆಗಲಿಗೆ ಝಂಬೀಲ್ ಎಂಬ ಚೀಲವಿದೆ. ಅದರೊಳಗೆ ಲೋಕವೇ ಅಡಗಿದೆ. ಬೇಕಾದ್ದು ಕೈಹಾಕಿದರೆ ಸಿಗುತ್ತದೆ. ಮಾದಪ್ಪನ ಕಾವ್ಯದಲ್ಲೂ ಪವಾಡಗಳಿಗೆ ಬರವಿಲ್ಲ. ಆದರೆ ಅಲ್ಲಿಯ ಸೋಲಿಗನ ಬಳಿ ಅಂಥ ಚೀಲವಿಲ್ಲ. ಅವನು ಜೇನಿಗೆ ಬೆಟ್ಟ ಹತ್ತಬೇಕು, ಗೆಣಸಿಗೆ ನೆಲ ಅಗೆಯಬೇಕು. ಪವಾಡದ ಕತೆಯಲ್ಲೂ ಹೊಟ್ಟೆಯ ಲೆಕ್ಕ ಬಿಡದಿರುವುದೇ ಈ ಕಾವ್ಯದ ದೊಡ್ಡತನ.

ಪಿ.ಕೆ. ರಾಜಶೇಖರ, ಕೆ. ಕೇಶವನ್ ಪ್ರಸಾದ್ ಮುಂತಾದವರು ಹಾಡುಗಾರರ ಬಾಯಿಂದ ಬರೆದುಕೊಂಡು ಅಚ್ಚಿಗೆ ತಂದ ಈ ಕಾವ್ಯದಲ್ಲಿ 'ಸಂಕಮ್ಮನ ಸಾಲು' ಎಲ್ಲರಿಗೂ ಪ್ರಿಯವಾದದ್ದು. ಸೋಲಿಗರ ನೀಲೇಗೌಡ ಜೇನುಮಲೆಗೆ ಹೊರಡುತ್ತಾನೆ. ತಾನು ಬರುವತನಕ ಶೀಲ ಕಾಯುವೆನೆಂದು ಹೆಂಡತಿ ಸಂಕಮ್ಮನಿಂದ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಮಂತ್ರಮಾಟದಿಂದ ಅವಳನ್ನು ಕಟ್ಟಿಹಾಕಿ ಹೋಗುತ್ತಾನೆ. ಮಾದಪ್ಪ ಬಂದು ಬಿಡಿಸಿ ಮಕ್ಕಳ ವರ ಕೊಡುತ್ತಾನೆ. ಹುಟ್ಟಿದ ಕಾರಯ್ಯ, ಬಿಲ್ಲಯ್ಯ ಕೊನೆಗೆ ಮಾದಪ್ಪನ ಸೇವೆಗೇ ಸೇರುತ್ತಾರೆ.

ಇದನ್ನು ಹೆಣ್ಣಿನ ಶೀಲದ ಪ್ರಶ್ನೆಯಾಗಿ ಓದುವುದು ರೂಢಿ. ಅದು ಸರಿಯಾದ ಓದೇ. ಆದರೆ ಆ ಓದಿನಲ್ಲಿ ಜೇನು ಒಂದು ನೆಪವಾಗಿಬಿಡುತ್ತದೆ, ಗಂಡನನ್ನು ಮನೆಯಿಂದ ಆಚೆ ಕಳಿಸುವ ನೆಪ. ಜೇನನ್ನೇ ನಡುವಿಗಿಟ್ಟು ಓದಿದರೆ ಬೇರೊಂದು ಸಂಗತಿ ಕಾಣುತ್ತದೆ.

ಕಾಡಿನಿಂದ ತಿನ್ನುವವರಿಗೆ ಸಂಯಮವೇ ಕಾನೂನು. ಸೋಲಿಗರು ಗೆಣಸು ಅಗೆದ ಮೇಲೆ ಬಳ್ಳಿಯ ತಲೆಯನ್ನು ಮತ್ತೆ ಮಣ್ಣಿಗೆ ಇಡುತ್ತಾರೆ. ಹೆಜ್ಜೇನಿನ ಹಲ್ಲೆಯನ್ನು ಪೂರ್ತಿ ಕೊಯ್ಯದೆ ಒಂದಿಷ್ಟು ಉಳಿಸುತ್ತಾರೆ. ಜೇನಿಗೆ ಹೋಗುವವನು ಮಡಿಯಿಂದಿರಬೇಕೆಂಬ ನಂಬಿಕೆ ನೀಲಗಿರಿಯ ಕುರುಂಬರಲ್ಲೂ ಇದೆ. ಅಂದರೆ ಕಾಡಿಗೆ ಕೊಡಬೇಕಾದ ಭಾಷೆ ಹೋಗುವವನದು. ನೀಲೇಗೌಡ ಮಾಡಿದ್ದೇನು? ತಾನು ಕೊಡಬೇಕಾದ ಭಾಷೆಯನ್ನು ಹೆಂಡತಿಯಿಂದ ಕೇಳಿದ. ತನ್ನ ಮೇಲಿನ ಕಟ್ಟಳೆಯನ್ನು ಅವಳ ಮೈಗೆ ಸುತ್ತಿದ. ಸಂಕಮ್ಮ ಭಾಷೆ ಕೊಡದೆ ಉಳಿದದ್ದು ಆ ಕಾರಣಕ್ಕೇ ಎಂದು ನನಗನ್ನಿಸುತ್ತದೆ. ಈ ಕಟ್ಟಳೆ ಬದಲಾಯಿಸುವ ಆಟ ನಮ್ಮ ಮನೆಗಳಲ್ಲೂ ಇದೆ. ದೃಷ್ಟಿ ತಗ್ಗಿಸಬೇಕಾದವನು ತಗ್ಗಿಸದೆ ಹೆಂಡತಿ, ಮಗಳಿಗೆ ಉಪದೇಶ ಕೊಡುವುದನ್ನು ನಾವು ಕಂಡಿಲ್ಲವೆ?

ಇನ್ನು ನಮ್ಮ ಕಾಲದ ಬರವಣಿಗೆಗೆ ಬರೋಣ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಜೇನಿನ ಮಾತಿನಿಂದಲೇ ತೊಡಗುತ್ತದೆ. ಕಾಡು ಬಲ್ಲ ಮಂದಣ್ಣನನ್ನು ತೇಜಸ್ವಿ ಋಷಿಯಾಗಿಸಲಿಲ್ಲ. ಅವನಿಗೆ ಮದುವೆಯ ಚಿಂತೆಯಿದೆ, ಕಳ್ಳಬಟ್ಟಿಯ ಕೇಸಿದೆ. ಅವರ ನಂತರ ಬಂದ ನಮ್ಮಂಥ ಅನೇಕರಿಗೆ ಆ ಎಚ್ಚರ ಉಳಿಯಲಿಲ್ಲ. ನಮ್ಮ ಕತೆಗಳ ಕಾಡಿನಲ್ಲಿ ಒಬ್ಬ ಮುದುಕನಿರುತ್ತಾನೆ. ಅವನಿಗೆ ಎಲ್ಲ ಬೇರು, ಎಲ್ಲ ಸೊಪ್ಪು ಗೊತ್ತು. ಪಟ್ಟಣದಿಂದ ಹೋದವನಿಗೆ ಹಣ್ಣು ಕೊಟ್ಟು, ಒಂದು ಒಗಟಿನ ಮಾತಾಡಿ ಮರೆಯಾಗುತ್ತಾನೆ.

ಬೇರೆಯವರನ್ನೇಕೆ ದೂರಲಿ, ನಾನೇ ಅಂಥದೊಂದು ಕತೆ ಬರೆದಿದ್ದೆ. ಸಾವನದುರ್ಗದ ತಪ್ಪಲು, ಒಬ್ಬ ಇರುಳಿಗ ಅಜ್ಜ, ಮಾಕಳಿಬೇರು. ಅಚ್ಚಾದ ಮೇಲೆ ಮಾಗಡಿ ಕಡೆಯ ಇರುಳಿಗ ಯುವಕನೊಬ್ಬ ಓದಿ ಕೇಳಿದ: "ಸಾಬ್ರೇ, ಕತೆ ಚೆನ್ನಾಗದೆ. ಆದ್ರೆ ಅಜ್ಜ ಬೇರು ಹೊತ್ಕೊಂಡು ಬರೋವಾಗ ಗಾರ್ಡು ಎಲ್ಲೋಗಿದ್ದ?" ನನ್ನಲ್ಲಿ ಉತ್ತರವಿರಲಿಲ್ಲ. ಅವನ ತಾತ ಕಾಡಿನೊಳಗಿದ್ದವನು, ಅಪ್ಪ ಕಾಡಂಚಿನ ಕಾಲೋನಿಯವನು, ಇವನು ಮಾವಿನ ತೋಟದ ಕೂಲಿ. ಈ ಮೂರು ತಲೆಮಾರು ನನ್ನ ಕತೆಯಲ್ಲಿ ಇರಲಿಲ್ಲ. ಝಂಬೀಲ್ ಚೀಲವನ್ನು ಇರುಳಿಗನ ಹೆಗಲಿಗೆ ಹಾಕಿ ಕಳಿಸಿದ್ದೆ, ಅಷ್ಟೆ.

ಮಾಕಳಿಬೇರಿನ ವಿಷಯದಲ್ಲೂ ನನ್ನದು ಅರ್ಧ ಸತ್ಯವೇ. ಬಂಡೆಗಳ ಸಂದಿನಲ್ಲಿ ಬೆಳೆಯುವ ಆ ಬಳ್ಳಿಯ ಬೇರಿಗೆ ಉಪ್ಪಿನಕಾಯಿಯ ಮಾರುಕಟ್ಟೆಯಿದೆ. ಅದರ ಪರಿಮಳ ಬಲ್ಲವರು ಬೆಲೆ ನೋಡದೆ ಕೊಳ್ಳುತ್ತಾರೆ. ಬೇರನ್ನೆಲ್ಲ ಕಿತ್ತರೆ ಬಳ್ಳಿಯೇ ಹೋಯಿತು. ಇಂದು ಅದು ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿದೆ. ತನ್ನದೆಂಬ ಭರವಸೆಯಿರುವ ಕಾಡಿನಲ್ಲಿ ಮನುಷ್ಯ ಬಳ್ಳಿಯ ತಲೆ ಉಳಿಸುತ್ತಾನೆ. ನಾಳೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಭಯವಿದ್ದರೆ ಸಿಕ್ಕಿದ್ದನ್ನೆಲ್ಲ ಕೀಳುತ್ತಾನೆ. ಸಂಯಮ ರಕ್ತದಲ್ಲಿ ಬರುವುದಲ್ಲ, ಹಕ್ಕಿನಿಂದ ಬರುತ್ತದೆ.

ಅದಕ್ಕೆಂದೇ 2006ರ ಅರಣ್ಯ ಹಕ್ಕು ಕಾಯ್ದೆ ಉಳುಮೆಯ ನೆಲದ ಜೊತೆಗೆ ಕಿರು ಅರಣ್ಯ ಉತ್ಪನ್ನ ಕೂಡಿಸುವ ಹಕ್ಕನ್ನೂ ಹೇಳಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ, ಸಮುದಾಯ ಹಕ್ಕುಪತ್ರ ಸಿಕ್ಕಿತು. ಇರುಳಿಗರೂ ಪರಿಶಿಷ್ಟ ಪಂಗಡದವರೇ. ಆದರೆ ಕನ್ನಡ ಸಾಹಿತ್ಯದಲ್ಲಿ ಅವರಿಗೆ ಸೋಲಿಗರಂತೆ ಊರೂರಲ್ಲಿ ಹಾಡುವ ಒಂದು ಕಾವ್ಯದ ಆಸರೆಯಿಲ್ಲ. ರಾಮನಗರದ ಬಂಡೆಗಳನ್ನು ಲೋಕ 1975ರ 'ಶೋಲೆ'ಯಿಂದ ಬಲ್ಲದು, ಆ ಬಂಡೆಗಳ ನಡುವೆ ಜೇನು ಕೊಯ್ದವರಿಂದಲ್ಲ.

ಕಾಡಿನ ಕತೆಯಲ್ಲಿ ಮಾಯೆ ಬೇಡವೆಂದು ನಾನು ಹೇಳುತ್ತಿಲ್ಲ. ಸಂಕಮ್ಮನ ಕತೆಯಲ್ಲಿ ಮಾಯೆಯೂ ಇದೆ, ಹಸಿವೂ ಇದೆ, ಕಟ್ಟಿಹಾಕಿದ ಹಗ್ಗವೂ ಇದೆ. ಬಿಡಿಸಿದ ದೇವರು ಮಕ್ಕಳನ್ನು ತನ್ನ ಸೇವೆಗೆ ಪಡೆದದ್ದನ್ನೂ ಹಾಡುಗಾರ ಮುಚ್ಚಿಡುವುದಿಲ್ಲ. ಓದು ಬರಹ ಕಲಿತ ನಾವು ಮಾಯೆಯನ್ನು ಇಟ್ಟುಕೊಂಡು ಹಗ್ಗವನ್ನು ಬಿಟ್ಟೆವು.

ಆ ಯುವಕನ ಪ್ರಶ್ನೆ ಇನ್ನೂ ನನ್ನ ಮೇಜಿನ ಮೇಲಿದೆ. ಕತೆಯನ್ನು ತಿದ್ದಿ ಬರೆಯಬೇಕು. ಗಾರ್ಡಿನಿಂದಲೇ ಶುರುಮಾಡಬೇಕು.