ಯಂತ್ರ ನಿಂತಾಗ ಶುರುವಾಗುವ ಕೆಲಸ

ಕರ್ನಾಟಕದ 150 ಸರ್ಕಾರಿ ಐಟಿಐಗಳು 2022ರ ಜೂನ್ 20ರಂದು ತಂತ್ರಜ್ಞಾನ ಕೇಂದ್ರಗಳಾಗಿ ಲೋಕಾರ್ಪಣೆಗೊಂಡವು. ಟಾಟಾ ಟೆಕ್ನಾಲಜೀಸ್ ಮತ್ತು ಹಲವು ಉದ್ಯಮಗಳ ಸಹಭಾಗಿತ್ವದಲ್ಲಿ ನಡೆದ ಈ ಉನ್ನತೀಕರಣಕ್ಕೆ ತಗುಲಿದ ವೆಚ್ಚ 4,600 ಕೋಟಿ ರೂಪಾಯಿಗೂ ಹೆಚ್ಚು. ಎಸ್ಸೆಸ್ಸೆಲ್ಸಿ ಮುಗಿಸಿದ ಹಳ್ಳಿಯ ಹುಡುಗ ಹುಡುಗಿಯರಿಗೆ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರ, ಕೈಗಾರಿಕಾ ರೋಬಾಟ್ ತಮ್ಮ ಜಿಲ್ಲೆಯಲ್ಲೇ ಕೈಗೆಟಕುವುದು ಸಣ್ಣ ಮಾತಲ್ಲ. ಈ ಖರ್ಚನ್ನು ದಂಡವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ನನ್ನ ತಕರಾರು ಯಂತ್ರದ ಮೇಲಲ್ಲ, ಅದರ ಮುಂದೆ ನಿಲ್ಲಿಸಿ ನಾವು ಕಲಿಸುತ್ತಿರುವ ಪಾಠದ ಮೇಲೆ. ಸಿಎನ್‌ಸಿ ಆಪರೇಟರ್ ತರಬೇತಿ ಎಂಬ ಹೆಸರಿನಲ್ಲಿ ನಡೆಯುವ ಬಹುಪಾಲು ಕಲಿಕೆ, ಯಂತ್ರ ಸುಸೂತ್ರವಾಗಿ ಓಡುವಾಗ ಯಾವ ಗುಂಡಿ ಒತ್ತಬೇಕು ಎಂಬುದನ್ನು ಹೇಳಿಕೊಡುತ್ತದೆ. ಆದರೆ ಯಂತ್ರ ಸುಸೂತ್ರವಾಗಿ ಓಡುತ್ತಿರುವಷ್ಟು ಹೊತ್ತು ಆಪರೇಟರಿನಿಂದ ಆಗಬೇಕಾದ ಕೆಲಸ ಬಹಳ ಕಡಿಮೆ. ಅಳತೆ ಜಾರಿದಾಗ, ಟೂಲ್ ಸವೆದಾಗ, ಪರದೆಯ ಮೇಲೆ ಅಲಾರಂ ಮಿನುಗಿದಾಗ ಅವನ ನಿಜವಾದ ಕೆಲಸ ಶುರುವಾಗುತ್ತದೆ. ಪಾಠ ಅಲ್ಲಿಗೆ ತಲುಪುವುದೇ ಇಲ್ಲ.

ಪೀಣ್ಯದಲ್ಲಾಗಲಿ ಬೆಳಗಾವಿಯ ಉದ್ಯಮಬಾಗದಲ್ಲಾಗಲಿ, ಸಣ್ಣ ವರ್ಕ್‌ಶಾಪುಗಳಲ್ಲಿ ಕೆಲಸಗಾರರನ್ನು ಎರಡು ಹೆಸರಿನಿಂದ ಗುರುತಿಸುತ್ತಾರೆ: ಆಪರೇಟರ್ ಮತ್ತು ಸೆಟ್ಟರ್. ಆಪರೇಟರ್ ಯಂತ್ರದ ಚಕ್ಕಿಗೆ ಜಾಬ್, ಅಂದರೆ ಕೊರೆಯಬೇಕಾದ ಲೋಹದ ತುಂಡು, ಕಟ್ಟುತ್ತಾನೆ, ಬಾಗಿಲು ಮುಚ್ಚಿ ಸೈಕಲ್ ಸ್ಟಾರ್ಟ್ ಒತ್ತುತ್ತಾನೆ, ಮುಗಿದ ಜಾಬ್ ತೆಗೆದು ಗೇಜಿನಲ್ಲಿ ನೋಡಿ ಟ್ರೇಗೆ ಇಡುತ್ತಾನೆ. ಸೆಟ್ಟರ್ ಡ್ರಾಯಿಂಗ್ ಓದಿ ಟೂಲ್ ಆರಿಸುತ್ತಾನೆ, ಜೀರೋ ಹಿಡಿಯುತ್ತಾನೆ, ಪ್ರೋಗ್ರಾಂ ತಿದ್ದುತ್ತಾನೆ, ಮೊದಲ ಜಾಬ್ ಪಾಸ್ ಮಾಡಿ ಕೊಡುತ್ತಾನೆ. ಸಂಬಳ, ಮರ್ಯಾದೆ, ನಾಳೆ ಬೇರೆ ಕಡೆ ಕೆಲಸ ಸಿಗುವ ಭರವಸೆ ಎಲ್ಲವೂ ಈ ಎರಡು ಹೆಸರುಗಳ ನಡುವಿನ ಅಂತರದಲ್ಲಿವೆ. ಜಾಬ್ ಕಟ್ಟಿ ಇಳಿಸುವ ಕೆಲಸವನ್ನು ರೋಬಾಟ್ ತೋಳಿಗೆ ವಹಿಸುವುದು ಸುಲಭ, ದೊಡ್ಡ ಕಾರ್ಖಾನೆಗಳು ವಹಿಸಿಯೂ ಆಗಿದೆ. ಸೆಟ್ಟರ್ ಮಾಡುವ ಕೆಲಸವನ್ನು ಹಾಗೆ ದಾಟಿಸಲು ಬರುವುದಿಲ್ಲ. ಹೀಗಿರುವಾಗ, ಯಾವ ಕೆಲಸ ಮೊದಲು ಮಾಯವಾಗಲಿದೆಯೋ ಅದಕ್ಕೇ ಮಕ್ಕಳನ್ನು ತಯಾರು ಮಾಡುವ ತರಬೇತಿ ಅವರಿಗೆ ಅನ್ಯಾಯ ಮಾಡುತ್ತದೆ.

ಸೆಟ್ಟರಿನ ಬುದ್ಧಿ ಎಂದರೆ ಏನೆಂದು ಒಂದು ಜಾಬ್ ಹಿಡಿದೇ ನೋಡಬಹುದು. 50 ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟ್, ಡ್ರಾಯಿಂಗಿನಲ್ಲಿ ಎಚ್6 ಟಾಲರೆನ್ಸ್ ಎಂದಿದೆ. ಅಂದರೆ ಅಳತೆ 50.000ಕ್ಕಿಂತ ಮೇಲೆ ಹೋಗಬಾರದು, 49.984ಕ್ಕಿಂತ ಕೆಳಗೂ ಇಳಿಯಬಾರದು. ನಡುವೆ ಇರುವ ಜಾಗ 16 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಆಪರೇಟರ್ ಈಗಷ್ಟೇ ಯಂತ್ರದಿಂದ ಇಳಿದ ಜಾಬನ್ನು ಮೈಕ್ರೋಮೀಟರಿನಲ್ಲಿ ಹಿಡಿಯುತ್ತಾನೆ. 50.001 ಎಂದು ತೋರಿಸುತ್ತದೆ, ಒಂದು ಮೈಕ್ರಾನ್ ಹೆಚ್ಚು. ಕಲಿಸಿದ ಹಾಗೆ ಅವನು ಅಳತೆಯ ತಿದ್ದುಪಡಿ ತುಂಬುವ ಆಫ್‌ಸೆಟ್ ಪುಟ ತೆರೆದು, ಅಳತೆ ನಡುಮಧ್ಯಕ್ಕೆ ಬರಲಿ ಎಂದು 9 ಮೈಕ್ರಾನ್ ಕಡಿಮೆ ಮಾಡುತ್ತಾನೆ. ಆದರೆ ಕಟಿಂಗಿನ ಕಾವಿಗೆ ಜಾಬ್ ಬಿಸಿಯಾಗಿದೆ. ಅಳತೆಗೆ ಜಗತ್ತೆಲ್ಲ ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಜಾಬ್ 35 ಡಿಗ್ರಿ ಇದ್ದರೆ, 50 ಮಿಲಿಮೀಟರ್ ಉಕ್ಕು ಆ 15 ಡಿಗ್ರಿಗೇ ಸುಮಾರು 9 ಮೈಕ್ರಾನ್ ಹಿಗ್ಗಿರುತ್ತದೆ. ತಣ್ಣಗಾದ ಮೇಲೆ ಆ ಶಾಫ್ಟ್ 49.992ಕ್ಕೆ ಬಂದು ಸರಿಯಾಗಿ ನಡುಮಧ್ಯದಲ್ಲೇ ಕೂರುತ್ತಿತ್ತು. ತಿದ್ದಿದ ಮೇಲೆ ಬರುವ ಶಾಫ್ಟುಗಳು ತಣ್ಣಗಾದಾಗ 49.983 ಆಗುತ್ತವೆ, ಒಂದು ಮೈಕ್ರಾನ್ ಕಡಿಮೆಯಾಗಿ ಎಲ್ಲವೂ ರಿಜೆಕ್ಟ್. ದಪ್ಪ ಉಳಿದದ್ದನ್ನು ಮತ್ತೆ ಕೊರೆಯಬಹುದು, ಸಣ್ಣಗಾದದ್ದಕ್ಕೆ ಲೋಹ ಅಂಟಿಸಲು ಬರುವುದಿಲ್ಲ. ಇಲ್ಲಿ ಯಂತ್ರ ತಪ್ಪು ಮಾಡಲಿಲ್ಲ, ಪ್ರೋಗ್ರಾಂ ತಪ್ಪಲಿಲ್ಲ, ಆಪರೇಟರ್ ಒತ್ತಿದ ಗುಂಡಿಯೂ ಸರಿ. ಉಕ್ಕು ಬಿಸಿಗೆ ಹಿಗ್ಗುತ್ತದೆ ಎಂಬ ಹೈಸ್ಕೂಲಿನ ವಿಜ್ಞಾನ ಮೈಕ್ರೋಮೀಟರಿನ ತುದಿಯವರೆಗೆ ಬರಲಿಲ್ಲ, ಅಷ್ಟೇ.

ಈಗ ಗುಂಡಿಯ ಪಾಠಕ್ಕೇ ಬರೋಣ. ಹಲವು ಸಿಎನ್‌ಸಿ ಯಂತ್ರಗಳಲ್ಲಿರುವ ಫಾನುಕ್ ಕಂಟ್ರೋಲಿನ ಆಫ್‌ಸೆಟ್ ಪುಟದಲ್ಲಿ ಅಕ್ಕಪಕ್ಕ ಎರಡು ಆಯ್ಕೆಗಳಿರುತ್ತವೆ. ‘ಇನ್‌ಪುಟ್’ ಒತ್ತಿದರೆ ಹಳೆಯ ಅಂಕಿ ಅಳಿದು ಹೊಸದು ಕೂರುತ್ತದೆ, ‘ಪ್ಲಸ್ ಇನ್‌ಪುಟ್’ ಒತ್ತಿದರೆ ಹಳೆಯದಕ್ಕೆ ಹೊಸದು ಕೂಡಿಕೊಳ್ಳುತ್ತದೆ. ಆಗಲೇ ಮೈನಸ್ 0.120 ಇರುವ ಕಡೆ ಇನ್ನು 0.008 ಇಳಿಸಲು ಹೋಗಿ ತಪ್ಪು ಗುಂಡಿ ಒತ್ತಿದರೆ ಮುಂದಿನ ಜಾಬ್ ನೂರು ಮೈಕ್ರಾನಿಗೂ ಹೆಚ್ಚು ದಪ್ಪ ಬರುತ್ತದೆ. ದಶಾಂಶ ಬಿಂದುವಿನ ಕಥೆ ಇನ್ನೂ ಗಂಭೀರ. ಹಲವು ಯಂತ್ರಗಳಲ್ಲಿ, ಎಕ್ಸ್ 50 ಎಂದು ಬರೆದು ಚುಕ್ಕಿ ಇಡಲು ಮರೆತರೆ ಯಂತ್ರ ಅದನ್ನು 50 ಮೈಕ್ರಾನ್ ಎಂದು ಓದಿಕೊಳ್ಳುತ್ತದೆ. ಜಾಬಿನ ಹೊರಮೈಗೆ ಬಂದು ನಿಲ್ಲಬೇಕಾದ ಟೂಲ್ ಪೂರ್ತಿ ವೇಗದಲ್ಲಿ ತಿರುಗುವ ಜಾಬಿನ ನಡುವಿಗೇ ನುಗ್ಗುತ್ತದೆ. ಇಂಥ ಒಂದು ಗುದ್ದಿಗೆ ಸ್ಪಿಂಡಲ್ ಬೇರಿಂಗ್ ಹೋಗಬಹುದು, ಎದುರಿಗಿದ್ದವರಿಗೂ ಅಪಾಯ. ನಮ್ಮ ಐಟಿಐಗಳ ಅಖಿಲ ಭಾರತ ಪರೀಕ್ಷೆಯ ಥಿಯರಿ ಭಾಗ ಈಗ ಕಂಪ್ಯೂಟರಿನಲ್ಲಿ ನಡೆಯುವ ಬಹುಆಯ್ಕೆಯ ಪ್ರಶ್ನೆಗಳದ್ದು. ಪ್ರೋಗ್ರಾಮಿನ ಸಂಕೇತಗಳಲ್ಲಿ ಜಿ02 ಎಂದರೆ ಯಾವ ಚಲನೆ, ಎಂ08 ಏನನ್ನು ಚಾಲೂ ಮಾಡುತ್ತದೆ ಎಂದು ಕೇಳುವುದಕ್ಕೆ ಈ ಮಾದರಿ ಹೇಳಿ ಮಾಡಿಸಿದ ಹಾಗಿದೆ. ಈ ಪ್ರೋಗ್ರಾಮಿನಲ್ಲಿ ಚುಕ್ಕಿ ಎಲ್ಲಿ ಬಿಟ್ಟುಹೋಗಿದೆ, ಓಡಿಸಿದರೆ ಏನಾದೀತು, ಓಡಿಸುವ ಮುನ್ನ ಅದನ್ನು ಹಿಡಿಯುವುದು ಹೇಗೆ ಎಂದು ಕೇಳುವುದಕ್ಕೆ ನಾಲ್ಕು ಆಯ್ಕೆಗಳ ಪೆಟ್ಟಿಗೆ ಸಾಲದು. ಪರೀಕ್ಷೆ ಏನು ಕೇಳುತ್ತದೋ ತರಗತಿ ಅದನ್ನೇ ಕಲಿಸುತ್ತದೆ. ಬೋಧಕರನ್ನು ಇದಕ್ಕೆ ದೂರುವುದು ಸರಿಯಲ್ಲ.

ಕೆಲಸಗಾರನ ಬುದ್ಧಿಗೆ ಇಷ್ಟು ಕಡಿಮೆ ಜಾಗ ಕೊಡುವ ಅಭ್ಯಾಸ ನಮ್ಮಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ವಾಯುಪಡೆಯ ಹಣದಲ್ಲಿ ಎಂಐಟಿ ರೂಪಿಸಿದ ಸಂಖ್ಯಾ ನಿಯಂತ್ರಿತ ಮಿಲ್ಲಿಂಗ್ ಯಂತ್ರದ ಪ್ರದರ್ಶನ ನಡೆದದ್ದು 1952ರಲ್ಲಿ. ಅದೇ ಕಾಲಕ್ಕೆ ಇನ್ನೊಂದು ದಾರಿಯೂ ತೆರೆದಿತ್ತು: ನುರಿತ ಕೆಲಸಗಾರ ಮೊದಲ ಜಾಬನ್ನು ತನ್ನ ಕೈಯಿಂದ ಮಾಡುವಾಗ ಯಂತ್ರದ ಚಲನೆಗಳನ್ನೆಲ್ಲ ಟೇಪಿನಲ್ಲಿ ಹಿಡಿದಿಟ್ಟು, ಮುಂದಿನ ಜಾಬುಗಳನ್ನು ಆ ಟೇಪಿನಿಂದಲೇ ಮಾಡಿಸುವ ವಿಧಾನ. ಇತಿಹಾಸಕಾರ ಡೇವಿಡ್ ನೋಬಲ್ 1984ರ ತಮ್ಮ ‘ಫೋರ್ಸಸ್ ಆಫ್ ಪ್ರೊಡಕ್ಷನ್’ ಪುಸ್ತಕದಲ್ಲಿ, ಈ ಎರಡನೆಯ ದಾರಿ ಬಿದ್ದುಹೋದದ್ದಕ್ಕೆ ತಾಂತ್ರಿಕ ಸೋಲಷ್ಟೇ ಕಾರಣವಲ್ಲ, ಕೆಲಸದ ಮೇಲಿನ ಹಿಡಿತ ಶಾಪ್ ಫ್ಲೋರಿನಿಂದ ಆಫೀಸಿಗೆ ಬರಬೇಕೆಂಬ ಆಡಳಿತದ ಆಸೆಯೂ ಕಾರಣ ಎಂದು ವಾದಿಸಿದರು. ಇದನ್ನು ಓದಿ, ಯಂತ್ರ ಹುಟ್ಟಿದ್ದೇ ಕೌಶಲ ಕಿತ್ತುಕೊಳ್ಳಲು, ಹಾಗಾಗಿ ತರಬೇತಿಯನ್ನು ಸುಧಾರಿಸಿ ಫಲವಿಲ್ಲ ಎನ್ನುವವರಿದ್ದಾರೆ. ನನಗೆ ನೋಬಲ್ ಅವರ ವಾದದಲ್ಲಿ ಕಾಣುವುದು ಬೇರೆ. ಬುದ್ಧಿ ಎಲ್ಲಿರಬೇಕು ಎಂಬುದನ್ನು ಯಂತ್ರ ನಿರ್ಧರಿಸಲಿಲ್ಲ, ಮನುಷ್ಯರು ನಿರ್ಧರಿಸಿದರು. ಮನುಷ್ಯರು ಮಾಡಿದ ಆಯ್ಕೆಯನ್ನು ಮನುಷ್ಯರೇ ಬದಲಿಸಬಹುದು, ಅದಕ್ಕೆ ತರಬೇತಿ ಕೊಠಡಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಹೊಸ ಯಂತ್ರಗಳನ್ನು ಬಲ್ಲವರು ಎತ್ತುವ ಆಕ್ಷೇಪ ಇದಕ್ಕಿಂತ ಗಟ್ಟಿ. ಯಂತ್ರದೊಳಗೇ ಪ್ರೋಬ್ ಕೂತು ಜಾಬನ್ನು ಅಳೆಯುತ್ತದೆ, ಸೆನ್ಸರ್ ಟೂಲಿನ ಸವೆತ ಗುರುತಿಸುತ್ತದೆ, ಆಫ್‌ಸೆಟ್ ತಾನಾಗಿಯೇ ತಿದ್ದಿಕೊಳ್ಳುತ್ತದೆ, ಇನ್ನು ಹತ್ತು ವರ್ಷಕ್ಕೆ ಸೆಟ್ಟರೂ ಬೇಡ ಎಂಬುದು ಅವರ ಮಾತು. ಪ್ರೋಬ್ ಬಂದಿರುವುದು ನಿಜ. ಆದರೆ ಬಿಸಿ ಜಾಬನ್ನು ಅಳೆದು ತಪ್ಪು ತಿದ್ದುವ ಸಾಧ್ಯತೆ ಪ್ರೋಬಿಗೂ ಇದೆ. ಅದರ ಮುಳ್ಳಿಗೆ ಬರ್, ಅಂದರೆ ಲೋಹದ ಚೂರು, ಸಿಕ್ಕಿಕೊಂಡರೆ, ಅದರದೇ ಕ್ಯಾಲಿಬ್ರೇಷನ್ ಜಾರಿದರೆ, ತಪ್ಪು ಅಂಕಿ ತಾನಾಗಿಯೇ ನೂರು ಜಾಬಿಗೆ ಹರಡುತ್ತದೆ. ಸ್ವಯಂಚಾಲನೆಯ ಇಂಥ ತೊಡಕನ್ನು ಬ್ರಿಟನ್ನಿನ ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಒಂದು ಪುಟ್ಟ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಸುಲಭದ ಕೆಲಸಗಳನ್ನೆಲ್ಲ ಯಂತ್ರಕ್ಕೆ ಕೊಟ್ಟ ಮೇಲೆ ಮನುಷ್ಯನಿಗೆ ಉಳಿಯುವುದು ಅತಿ ಕಷ್ಟದ ಗಳಿಗೆಗಳು ಮಾತ್ರ, ದಿನನಿತ್ಯದ ಅಭ್ಯಾಸ ತಪ್ಪಿದ್ದರಿಂದ ಆ ಗಳಿಗೆಗೆ ಬೇಕಾದ ಕೌಶಲ ಅವನ ಕೈಯಲ್ಲಿ ಉಳಿದಿರುವುದಿಲ್ಲ ಎಂಬುದು ಅವರ ವಾದದ ತಿರುಳು. ಅವರ ಗಮನವಿದ್ದದ್ದು ರಾಸಾಯನಿಕ ಸ್ಥಾವರ, ವಿಮಾನದಂಥ ವ್ಯವಸ್ಥೆಗಳ ಮೇಲೆ. ಮಾತು ಮಾತ್ರ ಸಿಎನ್‌ಸಿ ಶೆಡ್ಡಿಗೂ ಅಷ್ಟೇ ಒಪ್ಪುತ್ತದೆ. ಯಂತ್ರ ಹೆಚ್ಚು ಸ್ವಯಂಚಾಲಿತವಾದಷ್ಟೂ ಆಪರೇಟರಿನ ತರಬೇತಿ ಹೆಚ್ಚು ಆಳವಾಗಬೇಕು. ನಾವು ನಡೆಯುತ್ತಿರುವುದು ಅದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ.

ಎಷ್ಟು ತದ್ವಿರುದ್ಧ ಎಂಬುದಕ್ಕೆ ಕಾಲಾವಧಿಯೇ ಸಾಕ್ಷಿ. ಐಟಿಐಯ ಟರ್ನರ್, ಮೆಷಿನಿಸ್ಟ್ ಟ್ರೇಡುಗಳು ಎರಡು ವರ್ಷದವು. ಜರ್ಮನಿಯಲ್ಲಿ ಇದೇ ಕಸುಬಿನ ತರಬೇತಿ ಮೂರೂವರೆ ವರ್ಷ, ಅದರ ಬಹುಪಾಲು ಕಾರ್ಖಾನೆಯೊಳಗೇ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಅಲ್ಪಾವಧಿ ತರಬೇತಿಗೆ ಹಿಂದಿನ ಹಂತಗಳಲ್ಲಿ ಇಟ್ಟುಕೊಂಡಿದ್ದ ಸಾಮಾನ್ಯ ಲೆಕ್ಕ 150ರಿಂದ 300 ಗಂಟೆ. ಬಡ ಮನೆಯ ಹುಡುಗ ವರ್ಷಗಟ್ಟಲೆ ಕಾಯಲಾರ, ಮೂರು ತಿಂಗಳಲ್ಲಿ ಸಂಬಳ ಬರಬೇಕು ಎಂಬುದು ಇದರ ಪರವಾದ ವಾದ, ಅದರಲ್ಲಿ ಹುರುಳಿದೆ. ಹಸಿದ ಮನೆಗೆ ಉದ್ದದ ಪಠ್ಯಕ್ರಮ ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಮೂರು ತಿಂಗಳ ಕೋರ್ಸ್ ಏಣಿಯ ಮೊದಲ ಮೆಟ್ಟಿಲಾಗಿದ್ದರೆ ಮಾತ್ರ ಈ ವಾದ ನಿಲ್ಲುತ್ತದೆ. ಕೆಲಸಕ್ಕೆ ಸೇರಿದ ಆಪರೇಟರ್ ಸ್ಟೈಪೆಂಡ್ ಪಡೆಯುತ್ತಲೇ ಮುಂದಿನ ಮೆಟ್ಟಿಲು ಹತ್ತುವ ದಾರಿ 1961ರ ಅಪ್ರೆಂಟಿಸ್ ಕಾಯ್ದೆಯಲ್ಲೇ ಇದೆ. ಥಿಯರಿ ಐಟಿಐಯಲ್ಲಿ, ಪ್ರಾಕ್ಟಿಕಲ್ ಕಾರ್ಖಾನೆಯಲ್ಲಿ ಎಂಬ ಡ್ಯುಯಲ್ ತರಬೇತಿ ಪದ್ಧತಿಯೂ ನಮ್ಮಲ್ಲಿದೆ. ಏಣಿಗೆ ಬೇಕಾದ ಮರವೆಲ್ಲ ಕೈಗೆ ಸಿಗುವಂತಿದೆ, ಮೆಟ್ಟಿಲು ಜೋಡಿಸಿಲ್ಲ.

ಇದು ನಮ್ಮಲ್ಲಿ ಆಗದ ಮಾತೂ ಅಲ್ಲ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವನ್ನು, ಎಲ್ಲರೂ ಜಿಟಿಟಿಸಿ ಎಂದು ಕರೆಯುವ ಸಂಸ್ಥೆಯನ್ನು, ನೋಡಿ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ತರಗತಿ ಮತ್ತು ವರ್ಕ್‌ಶಾಪಿನಲ್ಲಿ, ನಾಲ್ಕನೆಯ ವರ್ಷ ಕಾರ್ಖಾನೆಯಲ್ಲಿ. ಆದರೆ ಅದರ ಬಲ ವರ್ಷಗಳ ಲೆಕ್ಕದಲ್ಲಿಲ್ಲ. ಅದು ತರಬೇತಿ ಕೇಂದ್ರವೂ ಹೌದು, ಹೊರಗಿನ ಗ್ರಾಹಕರಿಗೆ ಟೂಲು, ಡೈ ಮಾಡಿಕೊಡುವ ಉತ್ಪಾದನಾ ಕೇಂದ್ರವೂ ಹೌದು. ಮಾಡಿದ ಜಾಬ್ ಮಾರ್ಕಿಗಾಗಿ ಗುಜರಿ ಪೆಟ್ಟಿಗೆ ಸೇರುವ ವರ್ಕ್‌ಶಾಪಿಗೂ, ಗ್ರಾಹಕರು ಅಳೆದು ವಾಪಸ್ ಕಳಿಸಬಹುದಾದ ವರ್ಕ್‌ಶಾಪಿಗೂ ಅಜಗಜಾಂತರ. ಎರಡನೆಯದರಲ್ಲಿ ತಪ್ಪಿಗೆ ತೂಕವಿದೆ, ಆದ್ದರಿಂದ ತಪ್ಪಿನ ಬೆನ್ನು ಹತ್ತಿ ಕಾರಣ ಹುಡುಕುವ ಅಭ್ಯಾಸ ಹುಟ್ಟುತ್ತದೆ. ಉನ್ನತೀಕರಣಗೊಂಡ ಐಟಿಐಗಳ ಸಿಎನ್‌ಸಿ ಯಂತ್ರಗಳು ಅಕ್ಕಪಕ್ಕದ ಸಣ್ಣ ಉದ್ಯಮಗಳ ನಿಜವಾದ ಜಾಬುಗಳನ್ನು, ಅಲ್ಪ ಪ್ರಮಾಣದಲ್ಲಾದರೂ, ತೆಗೆದುಕೊಳ್ಳಬೇಕು. ಯಂತ್ರ ಹಾಳಾದರೆ ಯಾರು ಹೊಣೆ ಎಂಬ ಭಯಕ್ಕೆ ಕೋಟಿ ಬೆಲೆಯ ಯಂತ್ರವನ್ನು ಹೊದಿಕೆ ಹಾಕಿ ಕಾಪಾಡುವುದರಿಂದ ಯಾರೂ ಏನೂ ಕಲಿಯುವುದಿಲ್ಲ. ಗುದ್ದಿಸುವ ಭಯವಿರುವ ಮೊದಲ ವಾರಗಳಿಗೆ ಸಿಮ್ಯುಲೇಟರ್ ಇದೆ, ಅದಕ್ಕೆ ಅದು ತಕ್ಕ ಸಾಧನ. ಆದರೆ ಟೂಲಿನ ತುದಿಯ ಇನ್ಸರ್ಟ್ ಸವೆದಾಗ ಬದಲಾಗುವ ಸದ್ದು, ಬರ್ರಿನ ಬಣ್ಣ, ಕೈಗೆ ತಟ್ಟುವ ಕಂಪನ ಪರದೆಯಲ್ಲಿ ಸಿಗುವುದಿಲ್ಲ. ಹಳೆಯ ಕೈಲೇತನ್ನು ಗುಜರಿಗೆ ಹಾಕಬಾರದು ಎಂದು ನಾನು ಒತ್ತಿ ಹೇಳುವುದೂ ಇದಕ್ಕೇ. ಫೀಡ್ ಹೆಚ್ಚಿಸಿದರೆ ಲೋಹ ಹೇಗೆ ತಿರುಗಿ ಬೀಳುತ್ತದೆ ಎಂದು ಕೈಚಕ್ರ ಹಿಡಿದು ಅರಿತವರಿಗೆ ಪ್ರೋಗ್ರಾಮಿನ ಎಫ್ ಅಂಕಿಯ ಅರ್ಥ ಗೊತ್ತಿರುತ್ತದೆ.

ಭಾಷೆಯ ಮಾತು ಬಿಟ್ಟರೆ ಈ ವಿಮರ್ಶೆ ಅರ್ಧವಾದೀತು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದವರ ಮುಂದೆ ಅಲಾರಂ ಇಂಗ್ಲಿಷಿನಲ್ಲಿ ಬರುತ್ತದೆ, ಮ್ಯಾನುಯಲ್ಲೂ ಇಂಗ್ಲಿಷಿನದೇ. ಪದಗಳು ತೊಡಕಲ್ಲ, ಚಕ್, ಸ್ಪಿಂಡಲ್, ಆಫ್‌ಸೆಟ್ ಎಲ್ಲವೂ ಈಗ ಕನ್ನಡವೇ. ಸರ್ವೋ ಓವರ್‌ಲೋಡ್ ಎಂಬ ಅಲಾರಂ ಏಕೆ ಬಂತು, ಮೊದಲು ಏನು ನೋಡಬೇಕು, ಏನನ್ನು ಮುಟ್ಟಬಾರದು ಎಂಬ ವಿವರಣೆ ಕನ್ನಡದಲ್ಲಿ ಇಲ್ಲದಿರುವುದು ತೊಡಕು. ವಿವರಣೆ ಸಿಗದ ಕೈ ರೀಸೆಟ್ ಒತ್ತಿ ಮುಂದೆ ಹೋಗುತ್ತದೆ. ಪದೇ ಪದೇ ಎದುರಾಗುವ ಅಲಾರಂಗಳಿಗೆ ಒಂದೊಂದು ಪುಟದ ಕನ್ನಡ ಟಿಪ್ಪಣಿ ಬರೆಸಿ ಪ್ರತಿ ಯಂತ್ರದ ಪಕ್ಕದಲ್ಲಿ ನೇತುಹಾಕಲು ಆಗುವ ಖರ್ಚು, ಒಂದು ಯಂತ್ರದ ಬೆಲೆಯ ಮುಂದೆ ಏನೇನೂ ಅಲ್ಲ.

ಕೌಶಲ ಇಲಾಖೆಗೆ, ಪರೀಕ್ಷೆ ರೂಪಿಸುವವರಿಗೆ ನನ್ನ ಒತ್ತಾಯ ಒಂದೇ. ಡ್ರಾಯಿಂಗ್ ಕೊಟ್ಟು ಜಾಬ್ ಮಾಡಿಸುವ ಈಗಿನ ಪ್ರಾಯೋಗಿಕ ಪರೀಕ್ಷೆ ಇರಲಿ. ಅದರ ಕೊನೆಯ ಒಂದು ಗಂಟೆಯನ್ನು ಬೇರೆಯಾಗಿ ತೆಗೆದಿಟ್ಟು, ಬೇಕೆಂದೇ ತಪ್ಪು ಮಾಡಿಟ್ಟ ಯಂತ್ರವೊಂದರ ಮುಂದೆ ಅಭ್ಯರ್ಥಿಯನ್ನು ನಿಲ್ಲಿಸಿ: ಸವೆದ ಇನ್ಸರ್ಟ್, ಚುಕ್ಕಿ ಬಿಟ್ಟ ಪ್ರೋಗ್ರಾಂ, ಸಡಿಲ ಚಕ್, ಬಿಸಿ ಜಾಬ್, ಇವುಗಳಲ್ಲಿ ಯಾವುದಾದರೂ ಒಂದು. ಕಾರಣ ಹುಡುಕಿ ಕನ್ನಡದಲ್ಲಿ ವಿವರಿಸಲು ಹೇಳಿ, ಅದಕ್ಕೆ ಮಾರ್ಕು ಕೊಡಿ. ಇದಕ್ಕೆ ಹೊಸ ಯಂತ್ರ ಬೇಡ, ಹೊಸ ಕಟ್ಟಡವೂ ಬೇಡ.