ಜಿನ್ಸರ್ ಮೇಷ್ಟ್ರ ಕಂಸಗಳು

ವಿಲಿಯಂ ಜಿನ್ಸರ್ (1922–2015) ಎಂದರೆ ಬಹಳ ಜನರಿಗೆ ನೆನಪಾಗುವುದು ಒಂದೇ ಪುಸ್ತಕ, 1976ರ ‘ಆನ್ ರೈಟಿಂಗ್ ವೆಲ್’. ಎಂ.ಟೆಕ್. ಪ್ರಬಂಧ ಬರೆಯುವಾಗ ನನ್ನ ಗೈಡ್ ಅದನ್ನು ಕೈಗಿಟ್ಟಿದ್ದರು. ಆದರೆ ವಯಸ್ಸಾದ ಮೇಲೆ ಅವರು ಮನಸ್ಸಿಟ್ಟು ಕಲಿಸಿದ್ದು ಬೇರೆಯದನ್ನೇ: ಲೇಖಕರಲ್ಲದವರು ತಮ್ಮ ನೆನಪುಗಳನ್ನು ಬರೆಯುವುದು ಹೇಗೆ ಎಂಬುದನ್ನು. ಆ ಪಾಠಗಳೆಲ್ಲ ಇರುವ ‘ರೈಟಿಂಗ್ ಅಬೌಟ್ ಯುವರ್ ಲೈಫ್’ (2004) ನನಗೆ ಸಿಕ್ಕಿದ್ದು ಈಚೆಗೆ, ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ.

ಜಿನ್ಸರ್ ಮನೆತನದ್ದು ನ್ಯೂಯಾರ್ಕಿನಲ್ಲಿ ಅರಗಿನ ವಾರ್ನಿಷ್ ವ್ಯಾಪಾರ. ಒಬ್ಬನೇ ಗಂಡುಮಗ ಅದನ್ನು ಬಿಟ್ಟು, ಮಹಾಯುದ್ಧದಿಂದ ಮರಳಿದವರೇ 1946ರಲ್ಲಿ ‘ಹೆರಾಲ್ಡ್ ಟ್ರಿಬ್ಯೂನ್’ ಪತ್ರಿಕೆ ಸೇರಿದರು. ಅಲ್ಲಿ 13 ವರ್ಷ, ಆಮೇಲೆ ಸ್ವತಂತ್ರ ಬರವಣಿಗೆ, 1970ರಿಂದ ಯೇಲ್‌ನಲ್ಲಿ ಮೇಷ್ಟ್ರು. ವಿದ್ಯಾರ್ಥಿಗಳ ಬರಹದಲ್ಲಿ ಕೆಲಸಕ್ಕೆ ಬಾರದ ಪದವನ್ನು ಅವರು ಹೊಡೆದು ಹಾಕುತ್ತಿರಲಿಲ್ಲ, ಸುತ್ತ ಕಂಸ ಹಾಕುತ್ತಿದ್ದರು. ತೆಗೆಯುವುದೋ ಉಳಿಸುವುದೋ ಬರೆದವರಿಗೆ ಬಿಟ್ಟದ್ದು. (ನಮ್ಮ ಪ್ರಾಜೆಕ್ಟಿನ ವಾರದ ಸ್ಟೇಟಸ್ ಮೇಲ್‌ಗೆ ಒಮ್ಮೆ ಹೀಗೆ ಮಾಡಿ ನೋಡಿದೆ. ಕಂಸದ ಹೊರಗೆ ಉಳಿದದ್ದು ದಿನಾಂಕ ಮತ್ತು ನನ್ನ ಹೆಸರು.)

ನೆನಪಿನ ಬರಹಕ್ಕೆ ಅವರ ಸಲಹೆ ಪತ್ರಕರ್ತನ ಸಲಹೆಯೇ. ಇಡೀ ಬದುಕಿಗೆ ಕೈಹಾಕಬೇಡಿ. ಈ ದಿನ ಕಣ್ಣಿಗೆ ಕಟ್ಟಿದಂತಿರುವ ಒಂದು ಚಿಕ್ಕ ಘಟನೆಯನ್ನು ಬರೆದು ಫೈಲಿಗೆ ಹಾಕಿ. ನಾಳೆ ಇನ್ನೊಂದು, ಅದಕ್ಕೂ ಇದಕ್ಕೂ ಸಂಬಂಧ ಇರಬೇಕಿಲ್ಲ. ಕೆಲವು ತಿಂಗಳಾದ ಮೇಲೆ ಎಲ್ಲವನ್ನೂ ನೆಲದ ಮೇಲೆ ಹರಡಿ ನೋಡಿದರೆ ಕಥೆ ಯಾವುದೆಂದು ಹಾಳೆಗಳೇ ಹೇಳುತ್ತವೆ. ಗ್ಲಾಕೋಮಾದಿಂದ ಕಣ್ಣು ಹೋದ ಮೇಲೂ ಅವರು ಮನೆಗೆ ಬಂದವರಿಂದ ಬರಹ ಓದಿಸಿ, ಕೇಳಿ, ತಿದ್ದುತ್ತಿದ್ದರು.

ಆದರೆ ನನಗೊಂದು ತಕರಾರಿದೆ. ಹಳೆಯ ದೂರು, ಸೇಡು ತೀರಿಸಲು ಆತ್ಮಕಥೆ ಬರೆಯಬೇಡಿ ಎನ್ನುತ್ತಾರೆ ಜಿನ್ಸರ್. ಉಂಡುಟ್ಟು ಬೆಳೆದ ಮನೆಯಿಂದ ಬಂದ ಮಾತಿದು. ದೂರು ಎನ್ನುವುದು ಒಬ್ಬರ ಕೊರಗಲ್ಲ, ಇಡೀ ಕೇರಿಯ ಪಾಲು ಎನ್ನುವವರಿಗೆ ಈ ಸಲಹೆ ಏನು ಮಾಡೀತು? ಅದೇ ಚೌಕದಲ್ಲಿ ದಯಾ ಪವಾರರ ‘ಬಲುತಂ’ ಕೂಡ ಸಿಗುತ್ತದೆ. ನಮ್ಮ ಸಿದ್ಧಲಿಂಗಯ್ಯನವರ ‘ಊರುಕೇರಿ’ ಚಿಕ್ಕ ಚಿಕ್ಕ ಪ್ರಸಂಗಗಳಲ್ಲೇ ನಡೆಯುತ್ತದೆ, ನಗಿಸುತ್ತದೆ, ಆದರೆ ಲೆಕ್ಕ ಮಾತ್ರ ಬಿಡುವುದಿಲ್ಲ. ಜಿನ್ಸರ್ ಉದಾಹರಣೆಗೆ ತಮ್ಮದೇ ಲೇಖನಗಳನ್ನು ಕೊಡುವುದರಿಂದ ಈ ಮಿತಿ ಇನ್ನೂ ಎದ್ದು ಕಾಣುತ್ತದೆ.

ಹಾಗಿದ್ದೂ ಪುಸ್ತಕ ನನಗೆ ಉಪಕಾರ ಮಾಡಿತು. ಊರಲ್ಲಿರುವ ಅಪ್ಪ ನಿವೃತ್ತ ಪೋಸ್ಟ್‌ಮ್ಯಾನ್. ‘ನಿಮ್ಮ ಜೀವನ ಬರೀರಿ’ ಎಂದು ಇಸವಿವಾರು ಕೋಷ್ಟಕ ಮಾಡಿ, ಪ್ರಿಂಟ್ ತೆಗೆದು ಕಳಿಸಿದ್ದೆ. ಎರಡು ವರ್ಷ ಖಾಲಿಯೇ ಇತ್ತು. ಪುಸ್ತಕ ಓದಿದ ಮೇಲೆ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದೆ: ‘ಅಪ್ಪ, ಮೊದಲನೇ ಮನಿಯಾರ್ಡರ್ ಯಾರಿಗೆ ಕೊಟ್ರಿ?’ ಮುಕ್ಕಾಲು ಗಂಟೆ ಮಾತಾಡಿದರು. ವಾರದಲ್ಲಿ ಮೂರು ಹಾಳೆಯ ಫೋಟೋ ವಾಟ್ಸಾಪಿನಲ್ಲಿ ಬಂತು. ಅದರಲ್ಲಿ ಒಬ್ಬ ಅಜ್ಜಿ, ಮಗ ಕಳಿಸಿದ ದುಡ್ಡಿನಲ್ಲಿ ಅರ್ಧವನ್ನು ‘ಸೊಸೆಗೆ ಗೊತ್ತಾಗದಂಗೆ ನೀನೇ ಇಟ್ಕೊಂಡಿರಪ್ಪ’ ಎಂದು ಅಪ್ಪನ ಕೈಗೇ ತಿರುಗಿ ಕೊಡುತ್ತಾಳೆ.

ಹಾಳೆಗಳನ್ನು ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ಕೂತೆ. ‘ಅದಿರಲಿ’ ಎಂಬ ಮಾತು ಹನ್ನೊಂದು ಸಲ ಬಂದಿತ್ತು. ಮೇಷ್ಟ್ರು ಹೇಳಿದಂತೆ ಹನ್ನೊಂದಕ್ಕೂ ಕಂಸ ಹಾಕಿ, ಅದನ್ನು ಬಿಟ್ಟು ಒಮ್ಮೆ ಗಟ್ಟಿಯಾಗಿ ಓದಿದೆ. ವಾಕ್ಯ ಚೊಕ್ಕವಾಗಿದ್ದವು, ಅಪ್ಪನ ದನಿ ಇರಲಿಲ್ಲ. ರಬ್ಬರ್ ತಗೊಂಡು ಹತ್ತು ಕಂಸ ಅಳಿಸಿದೆ. ಒಂದನ್ನು ಹಾಗೇ ಬಿಟ್ಟಿದ್ದೇನೆ, ಅದು ನಿಜವಾಗಿಯೂ ಬೇಕಿರಲಿಲ್ಲ. ತೀರ್ಮಾನ ಅಪ್ಪನದು.