ರಿಮ್ ಮುಂದಿನ ಕಾವಲು

ಓಕ್ಲಹೋಮ ಸಿಟಿ ಥಂಡರ್ ಬ್ಯಾಸ್ಕೆಟ್‌ಬಾಲ್ ತಂಡದ ಬಲವಿರುವುದು ಚೆಂಡು ಹಿಡಿದು ಒಳನುಗ್ಗುವುದರಲ್ಲಿ. 2024–25ರಲ್ಲಿ 68 ಪಂದ್ಯ ಗೆದ್ದು ಎನ್‌ಬಿಎ ಚಾಂಪಿಯನ್ ಆದ ಈ ತಂಡದ ಗಾರ್ಡ್ ಶೇ ಗಿಲ್ಜಸ್-ಅಲೆಕ್ಸಾಂಡರ್, ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 32.7 ಅಂಕ ಗಳಿಸಿದರು. ಅವರನ್ನು ತಡೆಯಲು ಇಬ್ಬರು ಹೋದರೆ ಮೂಲೆಯಲ್ಲಿ ಒಬ್ಬ ಸಂಗಾತಿ ಬಿಡುವಾಗಿ ಉಳಿಯುತ್ತಾನೆ. ಥಂಡರ್ ಎದುರು ಹೆಚ್ಚಿನ ತಂಡಗಳು ಸೋಲುವುದು ಇಲ್ಲಿಯೇ.

ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ ಆ ಎರಡನೆಯ ರಕ್ಷಕ ಬೇಕಾಗದಿರಲು ಕಾರಣ ಫ್ರಾನ್ಸ್‌ನ ವಿಕ್ಟರ್ ವೆಂಬನ್ಯಾಮ. 2004ರಲ್ಲಿ ಹುಟ್ಟಿದ, 2023ರ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಆಯ್ಕೆಯಾದ ಈ ಸೆಂಟರ್‌ನ ಎತ್ತರ 7 ಅಡಿ 4 ಇಂಚು. ಚಾಚಿದ ತೋಳುಗಳ ಅಳತೆ ಸುಮಾರು 8 ಅಡಿ. ಮೊದಲ ಋತುವಿನಲ್ಲೇ ಪಂದ್ಯಕ್ಕೆ ಸರಾಸರಿ 3.6 ಬ್ಲಾಕ್‌ಗಳೊಂದಿಗೆ ಲೀಗ್‌ನ ಅಗ್ರಸ್ಥಾನ ಪಡೆದರು. ಆದರೆ ಬ್ಲಾಕ್‌ಗಳ ಲೆಕ್ಕ ಹೇಳುವುದು ಅರ್ಧ ಕತೆಯನ್ನು ಮಾತ್ರ. ರಿಮ್ ಕೆಳಗಿನ ಪೇಂಟ್‌ವರೆಗೆ ಬಂದು, ಅವರನ್ನು ಕಂಡು, ಚೆಂಡನ್ನು ಮತ್ತೆ ಹೊರಗೆ ಕೊಟ್ಟ ಗಾರ್ಡ್ ಕೈಬಿಟ್ಟ ಎಸೆತ ಯಾವ ಅಂಕಪಟ್ಟಿಯಲ್ಲೂ ದಾಖಲಾಗುವುದಿಲ್ಲ. ಥಂಡರ್‌ಗೆ ನಿಜವಾದ ನಷ್ಟ ಅದೇ. ಒಬ್ಬರೇ ರಿಮ್ ಕಾಯುವುದರಿಂದ ಉಳಿದ ನಾಲ್ವರು ತಮ್ಮ ತಮ್ಮ ಆಟಗಾರರ ಜೊತೆಗೇ ಇರುತ್ತಾರೆ; ಮೂಲೆಯ ಸಂಗಾತಿಗೆ ಬಿಡುವು ಸಿಗುವುದಿಲ್ಲ.

2025ರ ಡಿಸೆಂಬರ್‌ನಲ್ಲಿ ಇದಕ್ಕೆ ಪುರಾವೆ ಸಿಕ್ಕಿತು. ಲಾಸ್ ವೇಗಸ್‌ನಲ್ಲಿ ನಡೆದ ಎನ್‌ಬಿಎ ಕಪ್ ಸೆಮಿಫೈನಲ್‌ಗೆ ಥಂಡರ್ ಬಂದದ್ದು ಸತತ 16 ಗೆಲುವುಗಳ ಬೆನ್ನಲ್ಲೇ. ಮೀನಖಂಡದ ಗಾಯದಿಂದ ಆಗಷ್ಟೇ ಮರಳಿದ್ದ ವೆಂಬನ್ಯಾಮ ಬೆಂಚ್‌ನಿಂದ ಎದ್ದು ಬಂದು 21 ನಿಮಿಷ ಆಡಿ 22 ಅಂಕ ಗಳಿಸಿದರು. ಸ್ಪರ್ಸ್ 111–109ರಿಂದ ಗೆದ್ದಿತು. ಅದೇ ತಿಂಗಳು ಥಂಡರ್ ಸ್ಪರ್ಸ್ ಎದುರು ಇನ್ನೂ ಎರಡು ಸಲ ಸೋತಿತು, ಕ್ರಿಸ್‌ಮಸ್ ದಿನದ ಪಂದ್ಯವೂ ಸೇರಿ.

ಥಂಡರ್ ಬಳಿ ಮದ್ದಿಲ್ಲವೆಂದಲ್ಲ. 7 ಅಡಿ 1 ಇಂಚಿನ ಚೆಟ್ ಹೋಮ್‌ಗ್ರೆನ್ ಮೂರು ಅಂಕದ ಗೆರೆಯಾಚೆ ನಿಂತು ಎಸೆಯಬಲ್ಲರು. ಅವರನ್ನು ಕಾಯಲು ಹೊರಬಂದರೆ ವೆಂಬನ್ಯಾಮ ರಿಮ್ ಬಿಟ್ಟಂತೆ. ಇನ್ನೊಂದು ದಾರಿ, ಎತ್ತರಕ್ಕೆ ಎತ್ತರ ಹೂಡದೆ, ಗಿಡ್ಡ ಆದರೆ ಗಟ್ಟಿಮುಟ್ಟಾದ ರಕ್ಷಕನನ್ನು ವೆಂಬನ್ಯಾಮರ ಸೊಂಟಕ್ಕೇ ಒತ್ತಿ ನಿಲ್ಲಿಸುವುದು. 2025ರ ಪ್ಲೇಆಫ್‌ನಲ್ಲಿ ಡೆನ್ವರ್‌ನ ನಿಕೊಲಾ ಯೋಕಿಚ್ ಮೇಲೆ ಥಂಡರ್‌ನ ಅಲೆಕ್ಸ್ ಕರೂಸೊ ಇದನ್ನೇ ಮಾಡಿ ಏಳನೇ ಪಂದ್ಯವನ್ನು ತಿರುಗಿಸಿದರು. ವೆಂಬನ್ಯಾಮರ ಮೈಕಟ್ಟು ಯೋಕಿಚ್‌ಗಿಂತ ತೀರ ತೆಳು. ಎತ್ತರದಲ್ಲಿ ಚೆಂಡು ಪುಟಿಸುವಾಗ ಕೆಳಗಿನ ಕೈ ಅದನ್ನು ಕಸಿಯುವುದೂ ಸುಲಭ. ಆದರೆ ಅದು ಅವರ ಅಂಕಗಳನ್ನು ಕಡಿಮೆ ಮಾಡೀತು, ರಿಮ್ ಮುಂದಿನ ಕಾವಲನ್ನಲ್ಲ.

ಉಳಿದ ಪ್ರಶ್ನೆ ವೆಂಬನ್ಯಾಮರ ದೇಹದ್ದು. 2025ರ ಫೆಬ್ರುವರಿಯಲ್ಲಿ ಬಲ ಭುಜದಲ್ಲಿ ರಕ್ತ ಹೆಪ್ಪುಗಟ್ಟಿ, 46 ಪಂದ್ಯಕ್ಕೇ ಅವರ ಋತು ಮುಗಿದಿತ್ತು. ಏಳು ಪಂದ್ಯಗಳ ಸರಣಿಯಲ್ಲಿ ಪಂದ್ಯಕ್ಕೆ 35 ನಿಮಿಷ ಅಂಗಳದಲ್ಲಿ ಉಳಿಯಬಲ್ಲರಾದರೆ, ಥಂಡರ್‌ಗೆ ಇವರಿಗಿಂತ ಕಷ್ಟದ ಎದುರಾಳಿ ಲೀಗ್‌ನಲ್ಲಿ ಇನ್ನೊಬ್ಬರಿಲ್ಲ.